ಬೇಯಿಸಿದ ಆಹಾರ ತಣಿಸುವ ಸಮಯದ ಲೆಕ್ಕ: ಸಹಾಯ ಬೇಕು

ನಮಸ್ಕಾರ. ಆಹಾರ ಸುರಕ್ಷತೆ ತಪಾಸಣೆ ಗೊತ್ತಿರುವವರು ದಯವಿಟ್ಟು ನೋಡಿ. ದೊಡ್ಡ ಅಡುಗೆಮನೆ, ಎರಡು ಹಂತದ ನಿಯಮ: 57 ಡಿಗ್ರಿ ಸೆಲ್ಸಿಯಸ್‌ನಿಂದ 21ಕ್ಕೆ 2 ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು 4 ಗಂಟೆಯೊಳಗೆ. ಮೊದಲ ಹಂತ ತೊಂದರೆಯಿಲ್ಲ. 5 ಸೆಂ.ಮೀ. ಆಳಕ್ಕೆ ಸ್ಟೀಲ್ ಟ್ರೇಗಳಿಗೆ ಹರಡಿ, ಐಸ್ ನೀರಲ್ಲಿಟ್ಟು ಕಲಕಿದರೆ ಒಂದೇ ಗಂಟೆಯಲ್ಲಿ 21 ಮುಟ್ಟುತ್ತೆ. ಹೆಚ್ಚು ಅಪಾಯ ಇರೋದೂ ಅಲ್ಲೇ: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾದ, ಬೇಯಿಸಿದರೂ ಸಾಯದ ಬೀಜಕಗಳು (ಸ್ಪೋರ್‌ಗಳು) ಮೊಳೆತು, 43ರಿಂದ 47 ಡಿಗ್ರಿಯಲ್ಲಿ ಬಲು ಬೇಗ ಹೆಚ್ಚುತ್ತವೆ.

ತೊಡಕಿರೋದು ಎರಡನೇ ಹಂತದಲ್ಲಿ. ಫ್ರಿಜ್‌ನಲ್ಲಿ ಟ್ರೇಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟಾಯ್ತು, ಮುಚ್ಚಳ ಸಡಿಲಿಸಿದ್ದಾಯ್ತು, ಥರ್ಮಾಮೀಟರನ್ನು ಐಸ್ ನೀರಲ್ಲಿ ಅದ್ದಿ ಸೊನ್ನೆ ತೋರಿಸುತ್ತಾ ಅಂತ ನೋಡಿದ್ದೂ ಆಯ್ತು. ಆದರೂ ಗಟ್ಟಿ ಪದಾರ್ಥದ ನಡುಭಾಗ 5ಕ್ಕೆ ಇಳಿಯಲು ನಾಲ್ಕೂಮುಕ್ಕಾಲು ಗಂಟೆ ಬೇಕೇ ಬೇಕು. ಒಟ್ಟು ಸಮಯ 6 ಗಂಟೆ ಮೀರಿಲ್ಲ, ಎರಡನೇ ಹಂತ ಮಾತ್ರ 4 ದಾಟುತ್ತಿದೆ. ದಾಖಲೆ ಪುಸ್ತಕದಲ್ಲಿ ಎರಡೂ ಹಂತಕ್ಕೆ ಬೇರೆ ಬೇರೆ ಕಾಲಂ ಇರೋದರಿಂದ ಗೊಂದಲ ಇನ್ನೂ ಜಾಸ್ತಿ.

ಮೊದಲ ಹಂತದಲ್ಲಿ ಉಳಿದ ಒಂದು ಗಂಟೆಯನ್ನು ಎರಡನೇ ಹಂತಕ್ಕೆ ಸೇರಿಸಿಕೊಳ್ಳಬಹುದಾ, ಇಲ್ಲಾ ತಪಾಸಣೆಗೆ ಬಂದವರು ಇದನ್ನು ಎಸೆಯಬೇಕಾದ ಆಹಾರ ಅಂತಲೇ ಬರೆಯುತ್ತಾರಾ?