ರಾಸ್ 1897ರ ಆಗಸ್ಟ್ 20ರಂದು ಕಂಡಿದ್ದೇನು?

ಹಾಸನದ_ಓದುಗ:
ಮಲೇರಿಯಾ ಸಂಶೋಧನೆಯ ಚರಿತ್ರೆ ಓದ್ತಾ ಇದೀನಿ. ಅವತ್ತು ಸಿಕಂದರಾಬಾದಿನಲ್ಲಿ ಬ್ರಿಟಿಷ್ ಸೇನಾ ವೈದ್ಯ ರೊನಾಲ್ಡ್ ರಾಸ್ 'ಸೊಳ್ಳೆಯಿಂದ ಮಲೇರಿಯಾ ಹರಡೋದನ್ನ ಸಾಬೀತು ಮಾಡಿದ' ಅಂತ ಒಂದು ಪುಸ್ತಕ. ಕೀರ್ತಿ ಇಟಲಿಯ ವಿಜ್ಞಾನಿ ಗ್ರಾಸ್ಸಿಗೆ ಸಲ್ಲಬೇಕಿತ್ತು ಅಂತ ಇನ್ನೊಂದು. ಯಾವುದನ್ನ ನಂಬೋದು? ಎರಡು ವರ್ಷ ಸೊಳ್ಳೆ ಕುಯ್ದರೂ ಏನೂ ಸಿಗದಿದ್ದದ್ದು ಯಾಕೆ?

ಸ್ಲೈಡ್_ಮಾಸ್ತರ:
'ಸಾಬೀತು' ಅನ್ನೋದು ಅವತ್ತಿನ ಮಟ್ಟಿಗೆ ದೊಡ್ಡ ಮಾತು. ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನ ಸೊಳ್ಳೆಗಳಿಗೆ ಕುಡಿಸಿದ್ದು ಆಗಸ್ಟ್ 16ಕ್ಕೆ. ಉಳಿದ ಕೊನೆಯವುಗಳಲ್ಲಿ ಒಂದನ್ನ 20ಕ್ಕೆ ಕುಯ್ದಾಗ ಜಠರದ ಗೋಡೆಯಲ್ಲಿ ಸುಮಾರು 12 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದುಂಡನೆ ಕೋಶಗಳು, ಒಳಗೆ ಕಪ್ಪು ಕಣಗಳು. ಮರುದಿನ ಇನ್ನೊಂದರಲ್ಲೂ ಅವೇ, ಆದರೆ ಇನ್ನೂ ದೊಡ್ಡವು. ಗುರುತು ಸಿಕ್ಕಿದ್ದು ಆ ಕಪ್ಪು ಕಣದಿಂದ: ಮಲೇರಿಯಾ ಪರೋಪಜೀವಿ ಹಿಮೋಗ್ಲೋಬಿನ್ ತಿಂದು ಉಳಿಸೋ ಬಣ್ಣ ಅದು, ಸೊಳ್ಳೆಯ ಸ್ವಂತ ಕೋಶದಲ್ಲಿ ಇರಲ್ಲ. ಮುಂದೆ ಆ ಕೋಶ ಏನಾಗುತ್ತೆ, ಮನುಷ್ಯನಿಗೆ ಹೇಗೆ ದಾಟುತ್ತೆ ಅನ್ನೋದು ಆಗ ಗೊತ್ತೇ ಇರಲಿಲ್ಲ. ಡಿಸೆಂಬರ್ 18ರ ಬ್ರಿಟಿಷ್ ಮೆಡಿಕಲ್ ಜರ್ನಲ್ ಲೇಖನದ ತಲೆಬರಹದಲ್ಲೇ 'ಎರಡು ಸೊಳ್ಳೆಗಳಲ್ಲಿ' ಅಂತಿದೆ. ಅವನ ಬಗ್ಗೆ ಬರೆದವರಿಗಿಂತ ರಾಸನೇ ಹುಷಾರಾಗಿದ್ದ!

ಮಚ್ಚೆರೆಕ್ಕೆ:
ಸಿಗದಿದ್ದಕ್ಕೆ ಮೊದಲ ಕಾರಣ ಸೊಳ್ಳೆಯ ಜಾತಿ. ಅವನು ಕುಯ್ದವುಗಳಲ್ಲಿ ಬಹುಪಾಲು ಬೂದು ಬಣ್ಣದವು, ಪಟ್ಟೆಯವು. ಅಂದರೆ ಕ್ಯೂಲೆಕ್ಸ್, ಈಡಿಸ್. ಮನುಷ್ಯರ ಮಲೇರಿಯಾ ಅವುಗಳಲ್ಲಿ ಬೆಳೆಯಲ್ಲ, ಸಾವಿರ ಕುಯ್ದರೂ ಅಷ್ಟೇ. ಆಗಸ್ಟಿನಲ್ಲಿ ಸಿಕ್ಕಿದ್ದು ರೆಕ್ಕೆಯಲ್ಲಿ ಮಚ್ಚೆ ಇರುವ, ಬಾಲ ಎತ್ತಿ ಓರೆಯಾಗಿ ಕೂರುವ ಅನಾಫಿಲಿಸ್.

ಎರಡನೇದು ಗುರು ಮ್ಯಾನ್ಸನ್‌ರ ಊಹೆ. ಸೊಳ್ಳೆ ನೀರಲ್ಲಿ ಸಾಯುತ್ತೆ, ಆ ನೀರು ಕುಡಿದವರಿಗೆ ಜ್ವರ ಬರುತ್ತೆ ಅಂತ ಅವರ ಎಣಿಕೆ. ಸತ್ತ ಸೊಳ್ಳೆ ಬಿದ್ದ ನೀರನ್ನ ಜನರಿಗೆ ಕುಡಿಸಿ ನೋಡೋದರಲ್ಲೂ ರಾಸ್ ಕಾಲ ಕಳೆದ. ಕೆಲಸದ ಪಾಡಂತೂ ಹೇಳೋದೇ ಬೇಡ: ಗಾಳಿಗೆ ಸೊಳ್ಳೆ ಹಾರುತ್ತೆ ಅಂತ ಪಂಖಾ ಇಲ್ಲ, ಬೆವರಿಗೆ ಮೈಕ್ರೋಸ್ಕೋಪಿನ ಸ್ಕ್ರೂಗಳಿಗೆ ತುಕ್ಕು, ಉಳಿದಿದ್ದ ಒಂದೇ ಐಪೀಸ್ (ಕಣ್ಣಿಟ್ಟು ನೋಡೋ ಮಸೂರ) ಬಿರುಕು ಬಿಟ್ಟದ್ದು.

ಹಳೆಪತ್ರ:
ಯಾವ ಪುಸ್ತಕ ಓದಿದರೂ ಪಕ್ಕದಲ್ಲಿ ಒಂದು ಹಾಳೆಯಲ್ಲಿ ಐದು ಕಲಂ ಹಾಕಿಕೊಳ್ಳಿ: ತಾರೀಕು, ಊರು, ಯಾವ ಸೊಳ್ಳೆ, ಯಾರ ರಕ್ತ, ಕಂಡದ್ದೇನು. ಗ್ರಾಸ್ಸಿ ಜಗಳ ಅಲ್ಲೇ ಮುಕ್ಕಾಲು ಪಾಲು ಬಗೆಹರಿಯುತ್ತೆ. 1898ರ ಜುಲೈ, ಕಲ್ಕತ್ತಾ, ಕ್ಯೂಲೆಕ್ಸ್, ಹಕ್ಕಿ ರಕ್ತ: ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ ಕಡ್ಡಿಯಂಥ ಬೀಜಾಣು, ಆ ಸೊಳ್ಳೆಗಳು ಕಚ್ಚಿದ ಆರೋಗ್ಯವಂತ ಹಕ್ಕಿಗಳಿಗೆ ಸೋಂಕು. ಅದೇ ವರ್ಷದ ಕೊನೆ, ರೋಮ್, ಅನಾಫಿಲಿಸ್, ಮನುಷ್ಯನ ರಕ್ತ: ಗ್ರಾಸ್ಸಿ, ಬಿಗ್ನಾಮಿ, ಬಾಸ್ಟಿಯನೆಲ್ಲಿ. ಹಕ್ಕಿಯಲ್ಲಿ ದಾರಿ ತೋರಿಸಿದ್ದು ರಾಸ್, ಮನುಷ್ಯನಲ್ಲಿ ಪೂರ್ತಿ ಮಾಡಿದ್ದು ಇಟಲಿಯವರು. 1902ರ ನೊಬೆಲ್ ಮಾತ್ರ ರಾಸ್ ಒಬ್ಬನಿಗೇ ಹೋಯ್ತು. ಕಲ್ಕತ್ತಾದಲ್ಲಿ ಜೊತೆಗಿದ್ದ ಸಹಾಯಕ ಮಹಮ್ಮದ್ ಬಕ್ಸ್ ಹೆಸರನ್ನ ಎಷ್ಟೋ ಪುಸ್ತಕಗಳು ಎತ್ತೋದೇ ಇಲ್ಲ.

ರಾಸ್‌ನ 1923ರ ಆತ್ಮಕಥೆಯಲ್ಲಿ ಗ್ರಾಸ್ಸಿ ಬರೋ ಪುಟಗಳನ್ನ ವಕೀಲರ ವಾದ ಅಂತಲೇ ಓದಿ. ಮ್ಯಾನ್ಸನ್‌ಗೆ ಬರೆದ ಪತ್ರಗಳು ಹೆಚ್ಚು ಭರವಸೆಯವು, ಕೆಲಸ ನಡೀತಿದ್ದಾಗಲೇ ಬರೆದವು.

ಹಾಸನದ_ಓದುಗ:
ಕಲಂ ಹಾಕ್ತೀನಿ ಸರ್. ಬೆಂಗಳೂರಿಗೂ ಇದಕ್ಕೂ ಏನೋ ನಂಟಿದೆಯಂತೆ?

ಹಳೆಪತ್ರ:
ಎರಡು ಸಲ. 1895ರ ಸೆಪ್ಟೆಂಬರಿನಲ್ಲಿ ರಾಸ್‌ನನ್ನ ಕಾಲರಾ ಕೆಲಸಕ್ಕೆ ಅಂತ ಬೆಂಗಳೂರಿಗೆ ಕಳಿಸಿದರು, ಮಲೇರಿಯಾ ಕೆಲಸ ಹಿಂದೆ ಬಿತ್ತು. ಅದಕ್ಕೂ ಮುಂಚೆ, 1883ರ ಸುಮಾರಿಗೆ, ದಂಡಿನ ಬಂಗಲೆಯ ಕಿಟಕಿ ಹೊರಗಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳ ಆಡೋದು ಕಂಡು ಅದನ್ನ ಮಗುಚಿ ಹಾಕಿದ, ಸೊಳ್ಳೆ ಕಡಿಮೆಯಾಯ್ತು. ಅಧಿಕಾರಿಗಳ ಮೆಸ್ಸಿನಲ್ಲಿ ಊಟದ ಮೇಜಿನ ಕೆಳಗಿನ ನೀರಿನ ಡಬ್ಬಿ, ಹೂದಾನಿಗಳಲ್ಲೂ ಅವೇ ಹುಳ. ಅವನ್ನೂ ಚೆಲ್ಲೋಣ ಅಂದರೆ ಅಡ್ಜುಟೆಂಟ್ (ದಂಡಿನ ಆಡಳಿತಾಧಿಕಾರಿ) ಒಪ್ಪಲಿಲ್ಲ, ಪ್ರಕೃತಿಯ ವ್ಯವಸ್ಥೆ ಕೆಡುತ್ತಂತೆ!