ಬೆಟಗೇರಿ ಮನಿ ಗ್ರೂಪ್: ಆಗಿದ್ದ ದೀಕ್ಷಾಸ್ನಾನ ಮತ್ತ ಯಾಕ?

ನಾನು: [ಕಾರ್ಡ್ ಫೋಟೋ] ಎಲ್ಲಾರಿಗೂ ಕರ್ತನ ಹೆಸರಿನಾಗ ವಂದನೆ. ಬರೋ ಭಾನುವಾರ ಮುಂಜಾನೆ 7ಕ್ಕ ನನ್ನ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಐತಿ, ಬೆಂಗಳೂರಾಗ ನಾ ಹೋಗೋ ಸಭೆದಿಂದ (ಚರ್ಚಿನಿಂದ) 4 ಮಂದಿ ತಗೊಳ್ಳಾಕತ್ತೀವಿ. ಪ್ರಾರ್ಥನಾ ಮಾಡ್ರಿ.

ಹುಬ್ಬಳ್ಳಿ ಅತ್ತಿ: ನಿಂದು ಕೂಸಿದ್ದಾಗ ಆಗೇತಲ್ಲೋ! ಗುಡಿಗೆ ನಾನ ಎತ್ಕೊಂಡ್ ಹೋಗಿದ್ದೆ, ಬಿಳಿ ಫ್ರಾಕ್ ನಿಮ್ಮಜ್ಜಿ ಹೊಲಿದಿದ್ಲು

ದೊಡ್ಡಪ್ಪ: ಕಾರ್ಡ್ ನೋಡಿದೆ. ಎಫೆಸ 4:5 ತಗದು ಓದು, ಕರ್ತನೂ ಒಬ್ಬ, ನಂಬಿಕೆನೂ ಒಂದು, ದೀಕ್ಷಾಸ್ನಾನನೂ ಒಂದು. ತಂದೆ ಮಗ ಪವಿತ್ರಾತ್ಮನ ಹೆಸರಿನಾಗ ಒಮ್ಮೆ ನೀರು ಬಿದ್ದ ಮ್ಯಾಲೆ ಮತ್ತ ತಗೋತೀನಿ ಅಂದ್ರ ಮೊದಲಿಂದು ಖೊಟ್ಟಿ ಅಂದಂಗಾತು. ಲೋಕದ ಸಭೆಗಳ ಒಕ್ಕೂಟದ 1982ರ ಲಿಮಾ ದಸ್ತಾವೇಜಿನಾಗೂ ಇದನ್ನ ಎರಡನೇ ಸಲ ಮಾಡಬಾರದು ಅಂತ ಬರದಾರ.

ನಾನು: ಖೊಟ್ಟಿ ಅಂತ ನನ್ನ ಬಾಯಿಂದ ಬಂದಿಲ್ಲ ದೊಡ್ಡಪ್ಪ. ಆದ್ರ ಬೈಬಲ್‌ನಾಗ ಯಾರು ತಗೊಂಡ್ರು ನೋಡ್ರಿ, ಪೆಂತೆಕೋಸ್ತ ದಿನ ಪೇತ್ರನ ಮಾತು ಒಪ್ಪಿದವ್ರು ತಗೊಂಡ್ರು, ಇಥಿಯೋಪ್ಯದವ ರಥದಾಗ ಕುಂತಾಗ ನೀರು ಕಂಡು ಇಲ್ಲಿ ನೀರೈತಿ ನನಗೇನು ಅಡ್ಡಿ ಅಂತ ಫಿಲಿಪ್ಪನ್ನ ತಾನ ಕೇಳಿದ. ರೋಮಾಪುರ 6ರಾಗ ಕ್ರಿಸ್ತನ ಜೋಡಿ ಹೂಣಿಸಿಕೊಂಡು ಹೊಸಾ ಜೀವಕ್ಕ ಏಳೋದು ಅಂತೈತಿ. ಹೂಣೋರು ಯಾರರ ಹಣಿಮ್ಯಾಲೆ ಒಂದು ಚಿಟಿಕಿ ಮಣ್ಣು ಹಾಕಿ ಬಿಡ್ತಾರೇನ್ರಿ?

ದೊಡ್ಡಪ್ಪ: ಲುದ್ಯ ತಗೊಂಡಾಗ ಆಕಿ ಮನಿಯವ್ರೆಲ್ಲಾ ತಗೊಂಡ್ರು. ಫಿಲಿಪ್ಪಿಯ ಜೇಲಿನವ ತಗೊಂಡಾಗೂ ಹಂಗ. ಆ ಮನಿಗಳಾಗ ಒಂದೂ ಕೂಸು ಇರಲಿಲ್ಲೇನು? ವಾಗ್ದಾನ ನಿಮಗೂ ನಿಮ್ಮ ಮಕ್ಕಳಿಗೂ ಅಂತ ಪೇತ್ರನ ಹೇಳಿದ್ದು. ದೇವರು ಮೊದಲು ಹಿಡಿತಾನ, ಆಮ್ಯಾಲೆ ನಾವು ಹಿಡ್ಕೋತೀವಿ. ಶಿಶು ದೀಕ್ಷಾಸ್ನಾನ ಅಂದ್ರ ಅಷ್ಟ ತಿಳ್ಕೊ.

ಮಂಗಳೂರು ಅಕ್ಕ: ನಂದೊಂದು ಮಾತು. ನೀರು ಎಷ್ಟಿರ್ಬೇಕು ಅನ್ನೋ ಜಗಳ ಬೇಡ. ದಿದಾಖೆ ಅಂತ ಸಭೆಯ ಭಾಳ ಹಳೇ ಗ್ರಂಥ ಐತಿ, ಅದರಾಗ ಹರಿಯೋ ನೀರಿನಾಗ ಕೊಡ್ರಿ, ಅದಿಲ್ಲಂದ್ರ ಬ್ಯಾರೆ ನೀರು, ತಣ್ಣೀರು ಆಗದಿದ್ರ ಬಿಸಿನೀರು, ಎರಡೂ ಸಾಕಷ್ಟು ಇಲ್ಲಂದ್ರ ತಲಿಮ್ಯಾಲೆ ಮೂರು ಸಲ ಸುರೀರಿ ಅಂತ ಬರದೈತಿ. 1525ರಾಗ ಜ್ಯೂರಿಕ್‌ನಾಗ ನಂಬಿದವ್ರಿಗೇ ದೀಕ್ಷಾಸ್ನಾನ ಅಂತ ಶುರು ಮಾಡಿದವ್ರೂ ಶುರು ಮಾಡಿದ ದಿನ ರಾತ್ರಿ ಮನಿಯೊಳಗ ತಲಿಗೆ ನೀರು ಹಾಕ್ಕೊಂಡಿದ್ದು, ಹಂಗ ಮತ್ತ ದೀಕ್ಷಾಸ್ನಾನ ಕೊಟ್ಟಿದ್ದಕ್ಕ ಅವರೊಳಗಿನ ಫೆಲಿಕ್ಸ್ ಮಾಂಟ್ಸ್‌ನ್ನ 1527ರಾಗ ಲಿಮ್ಮಾಟ್ ಹೊಳ್ಯಾಗ ಮುಳುಗಿಸಿ ಕೊಂದ್ರು. ಜೀವಾ ಕೊಟ್ಟಿದ್ದು ನೀರಿನ ಅಳತಿಗಲ್ಲ

ಅತ್ತಿ: ದೇವರೇ. ಹೊಳ್ಯಾಗ?

ಅಕ್ಕ: ಹೂಂ ಅತ್ತಿ. ಮತ್ತ 1970ರಾಗ ಬ್ಯಾರೆ ಬ್ಯಾರೆ ಸಭೆ ಕೂಡಿ ಉತ್ತರ ಭಾರತ ಸಭೆ (CNI) ಆದಾಗ, ನಂಬಿದವ್ರಿಗಷ್ಟ ಕೊಡೋ ಬ್ಯಾಪ್ಟಿಸ್ಟ್‌ನವ್ರೂ ಕೂಡಿದ್ರು, ಶಿಶುಗಳಿಗೂ ಕೊಡಬಹುದು, ದೊಡ್ಡವರಾಗಿ ನಂಬಿದ ಮ್ಯಾಲೂ ಕೊಡಬಹುದು ಅಂತ ಎರಡೂ ಇಟ್ಕೊಂಡ್ರು.

ದೊಡ್ಡಪ್ಪ: ಎರಡೂ ಇಟ್ಕೊಂಡ್ರು ಖರೆ. ಒಬ್ಬಗ ಎರಡು ಸಲ ಅಂತ ಇಟ್ಕೊಳ್ಳಲಿಲ್ಲ.

ನಾನು: ದೊಡ್ಡಪ್ಪ, ನಮಗ ಸುವಾರ್ತೆ ತಂದ ಬಾಸೆಲ್ ಮಿಷನ್ ಚರಿತ್ರೆನ ನೋಡ್ರಿ. 1844ರಾಗ ಮಂಗಳೂರಾಗ ಬ್ರಾಹ್ಮಣರ ಹುಡುಗ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತಗೊಂಡಾಗ ಊರ ಎದ್ದು ನಿಂತಿತ್ತು. ನಮ್ಮ ಮುತ್ತಜ್ಜ ಮಗ್ಗದ ಮುಂದ ಕುಂತು ಸುವಾರ್ತೆ ಕೇಳಿ ತಗೊಂಡಾಗ ಅವನ ಅಣ್ತಮ್ಮರು ಬಾವಿ ನೀರು ಬಿಡಿಸಿದ್ರು ಅಂತ ನೀವ ನಮಗ ಕತಿ ಹೇಳೀರಿ, ಹೇಳುವಾಗ ನಿಮ್ಮ ಕಣ್ಣಾಗ ನೀರು ಬರ್ತಿತ್ತು. ಅವ ಯೇಸು ಕರ್ತನು ಅಂತ ತನ್ನ ಬಾಯಿಲೆ ಹೇಳಿದ. ಅವನ ನಂಬಿಕೆ ನನಗ ಹೊಲಾ ಮನಿ ಬಂದಂಗ ಬಂತು, ನಾ ಏನೂ ಕೊಟ್ಟಿಲ್ಲ. ಅವ ಹೇಳಿದ್ದನ್ನ ನಾನೂ ಒಮ್ಮೆ ನಾಲ್ಕು ಮಂದಿ ಮುಂದ ನೀರಾಗ ನಿಂತು ಹೇಳಬೇಕು

ಅತ್ತಿ: ದೊಡ್ಡವನಾದ ಮ್ಯಾಲೆ ನಂಬಿಕೆ ಒಪ್ಪಿ ಹೇಳೋ ಕನ್ಫರ್ಮೇಶನ್‌ನಾಗ ಹೇಳಿದ್ದಿ ಅಲ್ಲೋ, ಬಿಷಪ್ರು ತಲಿಮ್ಯಾಲೆ ಕೈ ಇಟ್ಟಿದ್ರು

ನಾನು: ಹೇಳಿದ್ದೆ ಅತ್ತಿ, ಆದ್ರ ಆಗ ನಮ್ಮ ಕ್ಲಾಸಿನವ್ರೆಲ್ಲಾ ಸಾಲಾಗಿ ನಿಂತಿದ್ವಿ, ಎಲ್ಲಾರೂ ಹೋಗ್ತಾರ ಅಂತ ನಾನೂ ಹೋದೆ. ಅಪ್ಪ ತೀರಿಕೊಂಡ ವರ್ಷದಾಗ ನಾ ಖರೇನ ಪ್ರಾರ್ಥನಾ ಕಲಿತೆ

(ಅರ್ಧಾ ತಾಸು ಯಾರೂ ಬರೀಲಿಲ್ಲ)

ದೊಡ್ಡಪ್ಪ: [ಸರ್ಟಿಫಿಕೇಟ್ ಫೋಟೋ] ನಿನ್ನ ದೀಕ್ಷಾಸ್ನಾನದ ಸರ್ಟಿಫಿಕೇಟ್. ಮಡಿಚಿದಲ್ಲಿ ಹರದೈತಿ, ಟೇಪ್ ಹಚ್ಚೇನಿ. ಗಾಡ್‌ಫಾದರ್ ಅಂತ ಇರೋ ಸಹಿ ನಂದು. ಅವತ್ತು ಡಿಸೆಂಬರ್ ಥಂಡಿ, ನಿಮ್ಮಪ್ಪ ನೀರು ಕಾಸಿ ತಂಬಿಗಿಯೊಳಗ ಮನಿಯಿಂದ ತಂದಿದ್ದ, ಪಾದ್ರಿಯವ್ರು ಅಂಗೈಯೊಳಗ ತಗೊಂಡು ಮೂರು ಸಲ ಹಾಕಿದ್ರು, ಮೂರನೇ ಸಲಕ್ಕ ಅಳೋದು ಬಿಟ್ಟು ಅವರ ಗಡ್ಡ ಹಿಡಕೊಂಡಿ. ಸೈತಾನನ್ನ ಬಿಡ್ತೀಯಾ ಅಂತ ಕೇಳಿದಾಗ ಬಿಡ್ತೀನಿ ಅಂತ ನಿನ್ನ ಬದ್ಲಿ ನಾ ಹೇಳಿದೆ. ಅವತ್ತಿಂದ ದಿನಾ ಮುಂಜಾನೆ ನಿನ್ನ ಹೆಸರು ತಗೊಂಡು ಪ್ರಾರ್ಥನಾ ಮಾಡೇನಿ. ಅದು ಬರೇ ನೀರು ಅಂತ ನಾ ಹೆಂಗ ಒಪ್ಲಿ

ನಾನು: ಬರೇ ನೀರು ಅನ್ನಂಗಿಲ್ಲ ದೊಡ್ಡಪ್ಪ. ನೀವು ಅವತ್ತು ಕೊಟ್ಟ ಮಾತಿನಿಂದನ ನಾ ಇಲ್ಲಿತನ ಬಂದೇನಿ. ಅದ ಪ್ರಶ್ನೆಗೆ ಈಗ ನಾನ ಉತ್ತರ ಕೊಡಬೇಕಾಗೇತಿ

ದೊಡ್ಡಪ್ಪ: ನಾ ಒಪ್ಪಂಗಿಲ್ಲ. ಶುಕ್ರವಾರ ಬಾ, ಸಭಾಪಾಲಕರ ಮುಂದ ಕುಂತು ಮಾತಾಡೂಣು. ಆಮ್ಯಾಲೆ ನಿನ್ನ ಇಷ್ಟ.

ನಾನು: ಗುರುವಾರ ರಾತ್ರಿ ಟ್ರೇನಿಗೆ ಬರ್ತೀನಿ. ಬೈಬಲ್ ತಗದಿಡ್ರಿ, ಅಪೊಸ್ತಲರ ಕೃತ್ಯಗಳು 16 ಇಬ್ಬರೂ ಕೂಡಿ ಓದೂಣು, ಜೇಲಿನವನ ಮನಿಯವ್ರೆಲ್ಲಾರಿಗೂ ಮೊದಲು ವಾಕ್ಯ ಹೇಳಿದ್ರು ಅಂತ 32ರಾಗ ಐತಿ

ದೊಡ್ಡಪ್ಪ: 33ನೂ ಓದೂಣು, ಮನಿಯವ್ರೆಲ್ಲಾ ದೀಕ್ಷಾಸ್ನಾನ ತಗೊಂಡ್ರು ಅಂತ ಅದರಾಗ ಐತಿ.

ಅತ್ತಿ: ನಾನೂ ಹುಬ್ಬಳ್ಳಿಯಿಂದ ಬರ್ತೀನಿ, ಫ್ರಾಕ್ ನನ್ನ ಹತ್ರ ಐತಿ