ಮಗಳ ಡ್ರೈವಿಂಗ್ ಟೆಸ್ಟ್ ಹತ್ತಿರ ಬಂತು. ನಿಮ್ಮ ಮೊದಲ ಟೆಸ್ಟ್ ಹೇಗಿತ್ತು?

ಕುಶಾಲನಗರದ ಅಪ್ಪ

ಮಗಳಿಗೆ 18 ತುಂಬಿ ಎರಡು ತಿಂಗಳಾಯಿತು. ಹುಟ್ಟುಹಬ್ಬದ ಕೇಕ್ ಫ್ರಿಜ್‌ನಲ್ಲಿ ಇನ್ನೂ ಉಳಿದಿತ್ತು, ಆಗಲೇ ಎಲ್‌ಎಲ್‌ಗೆ, ಅಂದರೆ ಕಲಿಯೋರ ಲೈಸೆನ್ಸ್‌ಗೆ, ಅರ್ಜಿ ಹಾಕಿ ಕೂತಿದ್ದಳು. ಎಲ್‌ಎಲ್ ಆಗಿ 30 ದಿನವೂ ಕಳೆಯಿತು. ಈಗ ಟೆಸ್ಟ್‌ಗೆ ದಿನ ಸಿಕ್ಕಿದೆ, ಮಡಿಕೇರಿಗೆ ಹೋಗಬೇಕು.

ಓಡಿಸೋದು ಪರವಾಗಿಲ್ಲ. ನಮ್ಮ ಬಡಾವಣೆ ಅಂಗೈ ಹಾಗೆ ಸಮ, ಇಲ್ಲಿ ರಾಣಿ ಹಾಗೆ ಓಡಿಸುತ್ತಾಳೆ. ಗುಡ್ಡೆಹೊಸೂರು ದಾಟಿ ಆನೆಕಾಡು ಕಳೆದು ಏರು ಶುರುವಾಯಿತೋ, ಮುಗಿಯಿತು. ಎದುರಿಗಿದ್ದ ಬಸ್ಸು ಏರಿನಲ್ಲಿ ನಿಂತರೆ ನಮ್ಮ ಕಾರು ಆಫ್. ಹಿಂದಿನವನು ಹಾರ್ನ್ ಹೊಡೆದರೆ ಇವಳ ಕಣ್ಣಲ್ಲಿ ನೀರು. "ಟೆಸ್ಟಲ್ಲಿ ಏರಲ್ಲಿ ನಿಲ್ಸು ಅಂದ್ರೆ ನಾನು ಫೇಲ್, ನೋಡ್ತಿರು" ಅಂತ ದಿನಾ ರಾತ್ರಿ ಊಟದ ಹೊತ್ತಿಗೆ ಒಂದೇ ರಾಗ.

ನಾನು ಕಲಿತದ್ದು ಹಾಸನದಲ್ಲಿ, 24ನೇ ವಯಸ್ಸಿಗೆ. ಬಯಲಲ್ಲಿ ಒಂದು ಎಂಟು ಹಾಕಿದೆ, ಲೈಸೆನ್ಸ್ ಬಂತು. ಮಗಳಿಗೆ ಹೇಳೋಕೆ ಒಂದು ಕಥೆಯೂ ಇಲ್ಲ. ಕೊಡಗಿನಲ್ಲೇ ಬೆಳೆದು, ಹದಿನೆಂಟಕ್ಕೇ ಟೆಸ್ಟ್ ಕೊಟ್ಟವರು ಇದ್ದರೆ ನಿಮ್ಮ ಕಥೆ ಹೇಳಿ. ಅವಳಿಗೆ ಓದಿಸುತ್ತೇನೆ.

ಕಣದ ಮನೆ

ನಾನು ಫೇಲಾದವಳು. ಹಾಗಾಗಿ ನನ್ನ ಕಥೆಯೇ ನಿಮ್ಮ ಮಗಳಿಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

1997ರ ಜುಲೈ. ನಮ್ಮದು ಸಿದ್ದಾಪುರದ ಕಡೆ ಸಣ್ಣ ರೋಬಸ್ಟಾ ತೋಟ. ಮನೆಗೆ ಇದ್ದದ್ದು ಒಂದೇ ಗಾಡಿ, ಮಹೀಂದ್ರ ಎಂಎಂ 540 ಜೀಪು. ಅದರ ನಿಜವಾದ ಬಣ್ಣ ನನಗೆ ಇವತ್ತಿಗೂ ಗೊತ್ತಿಲ್ಲ. ಗೊಬ್ಬರ, ಕಾಫಿ ಚೀಲ, ಮದುವೆಗೆ ಹೊರಟ ಅಜ್ಜಿ, ಎಲ್ಲರೂ ಎಲ್ಲವೂ ಅದರಲ್ಲೇ. ಹದಿನೈದಕ್ಕೇ ನಾನು ತೋಟದೊಳಗೆ ಅದನ್ನು ಓಡಿಸುತ್ತಿದ್ದೆ. ಕ್ಲಚ್‌ಗೆ ಕಾಲು ಎಟುಕುತ್ತಿರಲಿಲ್ಲ. ಬೆನ್ನ ಹಿಂದೆ ಖಾಲಿ ಗೋಣಿಚೀಲ ಮಡಚಿ ಇಟ್ಟುಕೊಂಡರೆ ಸರಿಹೋಗುತ್ತಿತ್ತು.

ನಮ್ಮ ತೋಟದಲ್ಲಿ ಸಮತಟ್ಟು ಅಂತ ಇದ್ದದ್ದು ಕಾಫಿ ಒಣಗಿಸೋ ಕಣ ಮಾತ್ರ. ಒಮ್ಮೆ ಜನವರಿಯಲ್ಲಿ ಜೀಪು ತಿರುಗಿಸೋಕೆ ಹೋಗಿ ಒಣಗಲು ಹಾಕಿದ್ದ ಹಣ್ಣಿನ ಮೇಲೇ ಹತ್ತಿಸಿದ್ದೆ. ಉದ್ದಕ್ಕೆ ಎರಡು ಗೆರೆ, ಜಜ್ಜಿದ ಕೆಂಪು. ಅಪ್ಪ ಬೈಯಲಿಲ್ಲ. ಒಂದು ಕುಕ್ಕೆ ತಂದು ಕೈಗೆ ಕೊಟ್ಟರು. ಜಜ್ಜಿದ್ದನ್ನು ಬೇರೆ, ಸರಿ ಇದ್ದದ್ದನ್ನು ಬೇರೆ, ಸಂಜೆ ದೀಪ ಹಚ್ಚೋವರೆಗೆ ಆರಿಸಿದೆ. ಬಿಸಿಲಿಗೆ ಆ ಹಣ್ಣಿನ ಅಂಟು ಬೆರಳಿಗೆ ಹೇಗೆ ಹಿಡಿಯುತ್ತದೆ ಅಂತ ತೋಟದವರಿಗೆ ಗೊತ್ತು.

ಟೆಸ್ಟ್ ಹತ್ತಿರ ಬಂದಾಗ ಕಣ ಖಾಲಿ ಇತ್ತು. ಅಪ್ಪ ಸುಣ್ಣದ ಪುಡಿಯಲ್ಲಿ ದೊಡ್ಡ ಎಚ್ ಬರೆದರು. ದಿನಕ್ಕೆ ಇಪ್ಪತ್ತು ಸಲ ಹಿಂದೆ ಮುಂದೆ. ಡ್ರೈವಿಂಗ್ ಸ್ಕೂಲಿಗೆ ಹೋದದ್ದು ನಾಲ್ಕೇ ದಿನ. ಎಲ್ಲಾ ಬರುತ್ತೆ ಅನ್ನೋ ಜಂಬ.

ಈಗ ಕಲ್ಲಿನ ವಿಷಯ. ನಮ್ಮ ಜೀಪಿಗೆ ಹ್ಯಾಂಡ್‌ಬ್ರೇಕ್ ಇತ್ತು. ಅಂದರೆ ಲಿವರ್ ಇತ್ತು. ಎಳೆದರೆ ಲಿವರ್ ಬರುತ್ತಿತ್ತು, ಜೀಪು ಮಾತ್ರ ಅದರ ಪಾಡಿಗೆ ಹಿಂದೆ ಜಾರುತ್ತಿತ್ತು. ಅದಕ್ಕೇ ಹಿಂದೆ ಒಂದು ಕಲ್ಲು ಸದಾ ಇರುತ್ತಿತ್ತು. ಒಂದು ತುದಿ ಬೆಣೆ ಹಾಗೆ ಚೂಪು, ಟಯರ್ ತಾಗೋ ಮಗ್ಗುಲು ಉಜ್ಜಿ ಉಜ್ಜಿ ಕರಿ ಬಿದ್ದು ನುಣುಪಾಗಿತ್ತು. ಏರಿನಲ್ಲಿ ನಿಲ್ಲಿಸಬೇಕಾದರೆ ಅಪ್ಪ "ಕಲ್ಲು!" ಅನ್ನುತ್ತಿದ್ದರು. ಹಿಂದೆ ಕೂತ ಹುಡುಗ ಹಾರಿ ಇಳಿದು ಚಕ್ರಕ್ಕೆ ಕೊಡುತ್ತಿದ್ದ. ಹೊರಟ ಮೇಲೆ ಕಲ್ಲು ಎತ್ತಿಕೊಂಡು ಓಡಿ ಬಂದು ಹತ್ತುತ್ತಿದ್ದ. ನಾನು ಏರಿನಲ್ಲಿ ಗಾಡಿ ತೆಗೆಯೋದು ಕಲಿತದ್ದೂ ಹೀಗೇ. ಕಲ್ಲಿದ್ದರೆ ಅವಸರವಿಲ್ಲ, ಕ್ಲಚ್ ಎಷ್ಟು ನಿಧಾನ ಬಿಟ್ಟರೂ ನಡೆಯುತ್ತದೆ.

ಟೆಸ್ಟ್ ದಿನ ಮಡಿಕೇರಿಯಲ್ಲಿ ಜುಲೈ ಮಳೆ, ಜೊತೆಗೆ ಮಂಜು. ಹತ್ತು ಗಂಟೆಗೇ ಗಾಡಿಗಳಿಗೆಲ್ಲ ಲೈಟ್. ಸ್ಕೂಲಿನ ಮಾರುತಿ 800ರ ಗಾಜು ಒಳಗಿಂದ ಆವಿ ಹಿಡಿದು ಬೆಳ್ಳಗಾಗುತ್ತಿತ್ತು, ಪೇಪರ್ ಹಾಳೆಯಲ್ಲಿ ಒರೆಸುತ್ತಾ ಕೂತಿದ್ದೆವು. ಟೆಸ್ಟ್‌ಗೆ ಬಂದ ಆರು ಜನರಲ್ಲಿ ಹುಡುಗಿ ನಾನೊಬ್ಬಳೇ. ಬ್ರೇಕ್ ಇನ್ಸ್‌ಪೆಕ್ಟರ್ ಕೊಡೆ ಮಡಚಿ ಪಕ್ಕದಲ್ಲಿ ಕೂತರು. ನಮ್ಮ ಕಡೆ ಹಾಗೇ ಕರೆಯೋದು, ಮೋಟಾರು ವಾಹನ ನಿರೀಕ್ಷಕರು ಅಂದರೆ ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. ಕೊಡೆಯ ನೀರು ಹರಿದು ನನ್ನ ಚಪ್ಪಲಿವರೆಗೆ ಬಂತು.

ಮೊದಲು ಕೈ ಸಿಗ್ನಲ್. ಕಿಟಕಿ ಗಾಜು ಇಳಿಸಿ ಮಳೆಗೆ ಕೈ ಚಾಚಿದೆ. ಬಲಕ್ಕಾದರೆ ಕೈ ನೇರ. ಎಡಕ್ಕೂ ಬಲಗೈಯೇ, ಗಡಿಯಾರದ ಉಲ್ಟಾ ದಿಕ್ಕಿಗೆ ಸುತ್ತಿಸಬೇಕು. ದೋಸೆ ಹಿಟ್ಟು ಕಲಸೋ ಹಾಗೆ ಸುತ್ತಿಸಿದೆ. ಸ್ವೆಟರ್ ತೋಳು ಮೊಣಕೈವರೆಗೆ ತೊಪ್ಪೆ. ಆಮೇಲೆ ಎಚ್. ಅದು ಬೆಣ್ಣೆ ಹಾಗೆ ಬಂತು. ಜೀಪನ್ನು ರಿವರ್ಸ್ ತೆಗೆದ ಕೈಗೆ 800 ಆಟದ ಸಾಮಾನು. ಇನ್ಸ್‌ಪೆಕ್ಟರ್ ಒಂದು ಸಲ ನನ್ನ ಮುಖ ನೋಡಿದರು. ನಾನು ಒಳಗೊಳಗೇ ಉಬ್ಬಿದೆ.

"ರಸ್ತೆಗೆ ತಗೊ." ತಗೊಂಡೆ. ಅರ್ಧ ಏರು ಹತ್ತಿದ ಮೇಲೆ "ಇಲ್ಲಿ ನಿಲ್ಸು" ಅಂದರು. ನಿಲ್ಲಿಸಿದೆ. "ಹೂಂ, ಹೊರಡು."

ಕನ್ನಡಿ ನೋಡಲಿಲ್ಲ. ಹ್ಯಾಂಡ್‌ಬ್ರೇಕ್ ನೆನಪೂ ಆಗಲಿಲ್ಲ. ಕುತ್ತಿಗೆ ತಿರುಗಿಸಿ, ಹಿಂದಿನ ಸೀಟಿಗೆ, ಗಟ್ಟಿಯಾಗಿ "ಕಲ್ಲು!" ಅಂದುಬಿಟ್ಟೆ.

ಹಿಂದೆ ಕೂತಿದ್ದವನು ನನ್ನ ನಂತರ ಟೆಸ್ಟ್ ಕೊಡಬೇಕಿದ್ದ ವಿರಾಜಪೇಟೆ ಕಡೆಯ ಹುಡುಗ. ಪಾಪ, ಗಾಬರಿಯಿಂದ "ಎಂಥ ಕಲ್ಲು?" ಅಂದ. ಅಷ್ಟರಲ್ಲಿ ನನ್ನ ಕಾಲು ಬ್ರೇಕಿಂದ ಎದ್ದಾಗಿತ್ತು. ಕಾರು ಹಿಂದಕ್ಕೆ ಹೊರಟಿತು. ಇನ್ಸ್‌ಪೆಕ್ಟರ್ ಟರ್ರ್ ಅಂತ ಹ್ಯಾಂಡ್‌ಬ್ರೇಕ್ ಎಳೆದರು. ಗಕ್ಕನೆ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದರೆ ಗಾಡಿ ನಿಜವಾಗಿಯೂ ನಿಲ್ಲುತ್ತದೆ ಅಂತ ನಾನು ಕಣ್ಣಾರೆ ಕಂಡದ್ದು ಆವತ್ತೇ.

"ಏನದು ಕಲ್ಲು?" ಅಂತ ಕೇಳಿದರು. ಹೇಳಿದೆ. ಕೊಡೆ ಅಲ್ಲಾಡೋ ಹಾಗೆ ನಕ್ಕರು. ನಕ್ಕೇ ಫೇಲ್ ಮಾಡಿದರು. "ಏಳು ದಿನ ಬಿಟ್ಟು ಬಾ. ಕಲ್ಲು ಬಿಟ್ಟು ಬಾ."

ಸಂಪಾಜೆ ಕಡೆಯವ

ಕಲ್ಲು! ನಮ್ಮ ಮನೆಯ ಜೀಪಿನಲ್ಲೂ ಇತ್ತು. ನಮ್ಮದು ಕಲ್ಲಲ್ಲ, ಹಲಸಿನ ಮರದ ತುಂಡು.

ನಾನು ಮೊದಲ ಸಲಕ್ಕೇ ಪಾಸು, 2004ರಲ್ಲಿ. ಆದರೆ ಪಾಸಾದ ನಾಲ್ಕನೇ ದಿನ ಚರಂಡಿಗೆ ಇಳಿದೆ. ಮದೆನಾಡು ಕಡೆಯಿಂದ ಜೋಡುಪಾಲಕ್ಕೆ ಇಳಿಯುತ್ತಿದ್ದೆ. ಅಗಲ ಕಮ್ಮಿ ಇದ್ದ ತಿರುವಲ್ಲಿ ಲಾರಿ ಏರಿ ಬರುತ್ತಿತ್ತು. ಘಾಟಿಯಲ್ಲಿ ಎರಡು ಗಾಡಿಗೆ ಜಾಗ ಸಾಲದಿದ್ದರೆ ಇಳಿಯೋರು ನಿಂತು ಏರೋರಿಗೆ ದಾರಿ ಬಿಡಬೇಕು, ಅದು ನಿಯಮ. ನನಗೆ ನಿಯಮ ಗೊತ್ತಿತ್ತು, ಚರಂಡಿ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಮೇಲೆ ಹುಲ್ಲು ಬೆಳೆದು ಮುಚ್ಚಿತ್ತು. ಅದೇ ಲಾರಿಯವರು ಹಗ್ಗ ಕಟ್ಟಿ ಎಳೆದು ಕೊಟ್ಟರು, ದುಡ್ಡು ಕೇಳಲಿಲ್ಲ.

ಮಗಳಿಗೆ ಇನ್ನೊಂದು ಮಾತು ಹೇಳಿ. ಯಾವ ಗೇರಲ್ಲಿ ಏರುತ್ತೇವೋ ಅದೇ ಗೇರಲ್ಲಿ ಇಳಿಯಬೇಕು. ನ್ಯೂಟ್ರಲ್ ಮಾಡಿ ಬರೀ ಬ್ರೇಕ್ ಒತ್ತುತ್ತಾ ಸಂಪಾಜೆ ಘಾಟಿ ಇಳಿದರೆ ಅರ್ಧ ದಾರಿಗೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ. ವಾಸನೆ ಬಂದ ಮೇಲೆ ಪೆಡಲ್ ಒತ್ತಿದರೂ ಹಿಡಿತ ಇರೋದಿಲ್ಲ. ಈಗಿನ ಕೆಲವು ಕಾರುಗಳಲ್ಲಿ ಹಿಲ್ ಹೋಲ್ಡ್ ಅಂತ ಬಂದಿದೆ, ಏರಲ್ಲಿ ಎರಡು ಮೂರು ಸೆಕೆಂಡ್ ಹಿಡಿದುಕೊಳ್ಳುತ್ತದೆ. ಅದನ್ನು ನಂಬಿ ಕಲಿಯೋದು ಬೇಡ. ಅದೂ ಒಂಥರಾ ಕಲ್ಲೇ.

ಸೀಟ್‌ಬೆಲ್ಟ್ ಸುಬ್ಬ

ಕಥೆ ಚೆನ್ನಾಗಿದೆ, ನಾನೂ ನಕ್ಕೆ. ಆದರೂ ಹೇಳಲೇಬೇಕು. ಹದಿನೈದಕ್ಕೆ ಓಡಿಸಿದೆ ಅಂತ ಓದಿ ಯಾರಾದರೂ ಮಗನ ಕೈಗೆ ಕೀ ಕೊಟ್ಟಾರು. 2019ರ ತಿದ್ದುಪಡಿ ಆದ ಮೇಲೆ ಕಾನೂನು ಬಿಗಿಯಾಗಿದೆ. ಅಪ್ರಾಪ್ತರು ಓಡಿಸಿ ಅಪರಾಧ ಆದರೆ ಪೋಷಕರಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬೋವರೆಗೆ ಲೈಸೆನ್ಸೇ ಇಲ್ಲ.

ಕಣದ ಮನೆ

ಸುಬ್ಬ ಅವರೇ, ಒಪ್ಪಿದೆ. ಅಪ್ಪ ಓಡಿಸಲು ಬಿಡುತ್ತಿದ್ದದ್ದು ತೋಟದ ಗೇಟಿನವರೆಗೆ. ಗೇಟಲ್ಲಿ ಇಳಿದು ಸೀಟು ಬದಲಾಯಿಸುತ್ತಿದ್ದೆವು. ಸತ್ಯ ಹೇಳಬೇಕೆಂದರೆ ಒಂದೆರಡು ಸಲ ಗೇಟು ದಾಟಿದ್ದೂ ಉಂಟು. ಅದನ್ನು ಜಂಬಕ್ಕೆ ಹೇಳುತ್ತಿಲ್ಲ. ನನ್ನ ಮಗನಿಗೆ ಕಣದಲ್ಲೂ ಕೀ ಕೊಟ್ಟಿಲ್ಲ, ಅವನು ನನ್ನ ಮೇಲೆ ಮುನಿಸಿಕೊಂಡೇ ಇದ್ದಾನೆ.

ಕುಶಾಲನಗರದ ಅಪ್ಪ

ಮಗಳು ಓದಿದಳು. ಮೂರು ದಿನದ ಮೇಲೆ ಇವತ್ತು ನಕ್ಕಳು. ಅವಳ ಪ್ರಶ್ನೆ: ಎರಡನೇ ಸಲ ಏನಾಯಿತು? ಏಳು ದಿನದಲ್ಲಿ ಹೇಗೆ ಕಲಿತಿರಿ?

ಕಣದ ಮನೆ

ಮನೆಗೆ ಬಂದು ಹೇಳಿದರೆ ಅಪ್ಪ ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಸಿದ್ದಾಪುರಕ್ಕೆ ಹೋಗಿ ಹ್ಯಾಂಡ್‌ಬ್ರೇಕ್ ಕೇಬಲ್ ತಂದರು. ಎಷ್ಟೋ ವರ್ಷದಿಂದ ಆಗದ ಕೆಲಸ ಒಂದೇ ಮಧ್ಯಾಹ್ನಕ್ಕೆ ಆಯಿತು. ಕಲ್ಲು ಎತ್ತಿ ಬಚ್ಚಲ ಒಲೆ ಪಕ್ಕ ಇಟ್ಟರು.

ಮಗಳಿಗೆ ಹೇಳಿ, ಕಿವಿ ಕೊಡಬೇಕು. ಏರಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಬ್ರೇಕಿಂದ ಕಾಲು ತೆಗೆಯಲಿ. ಕಾರು ಎಲ್ಲಿಗೂ ಹೋಗೋದಿಲ್ಲ, ಅದನ್ನು ಮೊದಲು ನಂಬಬೇಕು. ನನಗೆ ಅದಕ್ಕೇ ಎರಡು ದಿನ ಹಿಡಿಯಿತು. ಆಮೇಲೆ ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಕ್ಲಚ್ ಕೂದಲೆಳೆಯಷ್ಟು ಬಿಡುತ್ತಾ ಬರಬೇಕು. ಒಂದು ಜಾಗದಲ್ಲಿ ಎಂಜಿನ್ ಸದ್ದು ದಪ್ಪ ಆಗುತ್ತದೆ, ಬಾನೆಟ್ ಮೂಗು ಸ್ವಲ್ಪ ಎತ್ತುತ್ತದೆ. ಕ್ಲಚ್ ಕಚ್ಚಿತು ಅಂತ ಅರ್ಥ. ಕ್ಲಚ್ ಕಾಲನ್ನು ಅಲ್ಲೇ ತಡೆದು, ಇನ್ನೊಂದು ಚೂರು ಆಕ್ಸಿಲರೇಟರ್ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಬೇಕು. ಕಾರು ಮುಂದಕ್ಕೇ ಹೋಗುತ್ತದೆ. ಹಾಗಂತ ಹಾಫ್ ಕ್ಲಚ್‌ನಲ್ಲೇ ಏರಿನಲ್ಲಿ ಕಾಯುತ್ತಾ ನಿಲ್ಲೋದು ಬೇಡ, ಕ್ಲಚ್ ಪ್ಲೇಟ್ ಸವೆಯುತ್ತದೆ.

ಎರಡನೇ ಟೆಸ್ಟ್ ಬಗ್ಗೆ ಕೇಳಿದಿರಲ್ಲ. ಅದೇ ಇನ್ಸ್‌ಪೆಕ್ಟರ್, ಅದೇ ಮಳೆ. ಹತ್ತಿ ಕೂತವರೇ ಮೊದಲು ಹಿಂದಿನ ಸೀಟು ನೋಡಿದರು. "ಕಲ್ಲು ತಂದಿಲ್ಲ ತಾನೆ?" ಎಚ್ ಆಯಿತು, ಸಿಗ್ನಲ್ ಆಯಿತು. ಏರಿನ ರಸ್ತೆಗೆ ಹೋದರೆ ಹಿಂದಿನ ರಾತ್ರಿಯ ಗಾಳಿಗೆ ಅಡ್ಡ ಮರ ಬಿದ್ದಿದೆ. ಕೊಡಗಿನ ಜುಲೈ ಅಲ್ವಾ! ಸಮ ಜಾಗದಲ್ಲೇ ಎರಡು ಸಲ ನಿಲ್ಲಿಸಿ ಹೊರಡಿಸಿ, ಸಾಕು ಅಂದರು. ಏಳು ದಿನ ಒದ್ದಾಡಿ ಕಲಿತದ್ದನ್ನು ಯಾರೂ ನೋಡಲೇ ಇಲ್ಲ. ಪಾಸಾದರೂ ಹೊಟ್ಟೆ ಉರಿಯುತ್ತಾ ಮನೆಗೆ ಬಂದೆ.

ಆಗ ಕೊಟ್ಟದ್ದು ಸಣ್ಣ ಪುಸ್ತಕದಂಥ ಲೈಸೆನ್ಸ್. 20 ವರ್ಷದ ಅವಧಿ 2017ಕ್ಕೆ ಮುಗಿದು ಕಾರ್ಡ್ ಬಂತು. ಹಳೆಯದು ಬೀರುವಿನಲ್ಲಿದೆ. ಫೋಟೋದಲ್ಲಿ ಎರಡು ಜಡೆ, ಮುಖದಲ್ಲಿ ಸಿಟ್ಟು.

ಕುಶಾಲನಗರದ ಅಪ್ಪ

ಇವತ್ತು ಬೆಳಿಗ್ಗೆ ಸುಂಟಿಕೊಪ್ಪದ ಕಡೆ ಗಾಡಿ ಓಡಾಟ ಕಮ್ಮಿ ಇರೋ ಒಂದು ಒಳರಸ್ತೆಯ ಏರಿಗೆ ಹೋಗಿದ್ದೆವು. ಸುಬ್ಬ ಅವರು ಕೇಳೋ ಮೊದಲೇ ಹೇಳುತ್ತೇನೆ: ಮುಂದೆ ಹಿಂದೆ ಎಲ್ ಬೋರ್ಡ್ ಇತ್ತು, ಪಕ್ಕದಲ್ಲಿ ಲೈಸೆನ್ಸ್ ಇರೋ ನನ್ನ ಹೆಂಡತಿ ಕೂತಿದ್ದಳು.

ಆರು ಸಲ ಆಫ್ ಆಯಿತು. ಏಳನೇ ಸಲಕ್ಕೆ ನನಗೆ ತಡೆಯಲಿಲ್ಲ. ಇಳಿದು, ರಸ್ತೆ ಬದಿಯ ಒಂದು ಕಲ್ಲು ಹುಡುಕಿ, ಎತ್ತಿಕೊಂಡು ಹಿಂದಿನ ಚಕ್ರದ ಹತ್ತಿರ ಹೋದೆ. ಮಗಳು ಕನ್ನಡಿಯಲ್ಲಿ ನೋಡಿಬಿಟ್ಟಳು. ಕಿಟಕಿಯಿಂದ ತಲೆ ಹೊರಗೆ ಹಾಕಿ "ಅಪ್ಪಾ, ಅದನ್ನ ಕೆಳಗಿಡು, ಪಕ್ಕಕ್ಕೆ ಹೋಗು" ಅಂತ ಕಿರುಚಿದಳು. ನಾನು ಬದಿಗೆ ಸರಿದೆ. ಕಾರು ಒಂದು ಸಲ ಮೂಗು ಎತ್ತಿತು, ಆಮೇಲೆ ಮೇಲಕ್ಕೆ ಹೋಯಿತು. ಹೋದವರು ನಿಲ್ಲಿಸಲೇ ಇಲ್ಲ, ತಿರುವಿನವರೆಗೂ ನಾನು ಕಲ್ಲು ಹಿಡಿದುಕೊಂಡೇ ನಡೆದೆ.